ಸ್‌ಸ್‌ಸ್ ಅಂತಾ ಇತ್ತಾ, ಫ್ಶ್‌ಶ್ ಅಂತಾ ಇತ್ತಾ?

ಟರ್ಬೋ ಕಾರಿಗೆ ಕಿವಿ ಇರುವುದು ಖಂಡಿತ. ಇಷ್ಟು ದಿನ ತೆಪ್ಪಗೆ ಓಡುತ್ತಿದ್ದ ಕಾರು, ನಾನು ನಾಲ್ಕು ಕಾಸು ಕೂಡಿಟ್ಟು ‘ಮುಂದೇನು ಹಾಕಿಸೋಣ?’ ಅಂತ ಜೋರಾಗಿ ಯೋಚಿಸಿದ ವಾರವೇ ಕೈಕೊಟ್ಟಿತು. ಏರುದಾರಿಯಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಹೊರಟಿದ್ದೆ. ಬಾನೆಟ್ ಒಳಗೆ ಏನೋ ಸದ್ದಾಯಿತು. ಎಳೆತ ಸತ್ತೇಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಆ ಲಾರಿ ಡ್ರೈವರ್ ಹಾರ್ನ್ ಹೊಡೆಯುತ್ತಾ ಮುಂದೆ ಹೋದ. ಹೋಗುವಾಗ ಕೈ ಬೇರೆ ಬೀಸಿದ.

ಟರ್ಬೋ ಹುಚ್ಚು ಹತ್ತಿದವರಿಗೆ ನನ್ನ ಸಂಕಟ ಅರ್ಥವಾಗುತ್ತದೆ. ಟರ್ಬೋ ಇಲ್ಲದ ಎಂಜಿನ್ನಿಗೆ ಹತ್ತು ಹಾರ್ಸ್‌ಪವರ್ ಜಾಸ್ತಿ ಮಾಡಬೇಕೆಂದರೆ ಬಹಳ ಒದ್ದಾಡಬೇಕು. ಅದಕ್ಕೇ ಅದರ ಮಾಲೀಕರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ನಮ್ಮದು ಹಾಗಲ್ಲ. ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಅದುಮಿ ಎಂಜಿನ್ ಒಳಗೆ ತುರುಕುತ್ತದೆ. ತುರುಕುವ ಒತ್ತಡ, ಅಂದರೆ ಬೂಸ್ಟ್, ಸ್ವಲ್ಪ ಏರಿಸಿದರೆ ಸಾಕು. ಲ್ಯಾಪ್‌ಟಾಪ್ ಸಿಕ್ಕಿಸಿ ಇಸಿಯು ರೀಮ್ಯಾಪ್ ಮಾಡಿದರೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕಾಚಾರ ತಿದ್ದಿದರೆ, ಒಂದು ಬೋಲ್ಟೂ ಬಿಚ್ಚದೆ ಶಕ್ತಿ ಕಾಲು ಭಾಗದಷ್ಟು ಜಾಸ್ತಿ ಆಗುವುದೂ ಉಂಟು. ಇಷ್ಟು ಹತ್ತಿರದಲ್ಲಿ ಇದೆ ಅಂತ ಗೊತ್ತಿದ್ದೂ ಸುಮ್ನೆ ಇರುವುದು ಹೇಗೆ ಹೇಳಿ?

ಸುಮ್ನೆ ಇರಿಸಲೆಂದೇ ನನಗೊಬ್ಬ ಗೆಳೆಯ ಇದ್ದಾನೆ. ಅವನು ಯಾವುದಕ್ಕೂ ಬೇಡ ಅನ್ನುವುದಿಲ್ಲ. “ಮಾಡಿಸು ಗುರು, ಸೂಪರ್ ಆಗುತ್ತೆ. ಆದರೆ ಅದಕ್ಕೂ ಮುಂಚೆ...” ಅನ್ನುತ್ತಾನೆ. ಈ ‘ಅದಕ್ಕೂ ಮುಂಚೆ’ ಶುರುವಾಯಿತು ಅಂದರೆ ನಾನು ಕುರ್ಚಿ ಎಳೆದುಕೊಂಡು ಕೂರಬೇಕು.

ರೀಮ್ಯಾಪ್ ಮಾಡಿಸುತ್ತೇನೆ ಅಂದೆ. ಅದಕ್ಕೂ ಮುಂಚೆ ಸ್ಪಾರ್ಕ್ ಪ್ಲಗ್ ಬದಲಾಯಿಸು, ಒತ್ತಡ ಏರಿದಾಗ ಪ್ಲಗ್ಗಿನ ಸಂದಿ ಜಾಸ್ತಿ ಇದ್ದರೆ ಕಿಡಿ ಆರಿಹೋಗುತ್ತೆ ಅಂದ. ಸರಿ, ಪ್ಲಗ್ ಎಷ್ಟರದು ಮಹಾ ಅಂದುಕೊಂಡೆ. ಅದಕ್ಕೂ ಮುಂಚೆ ಗಾಳಿ ತಣಿಸುವ ಇಂಟರ್‌ಕೂಲರ್ ದೊಡ್ಡದು ಹಾಕಿಸು ಅಂದ. ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ, ಒಂದು ಬಾರ್ ಬೂಸ್ಟಿನಲ್ಲಿ ಕಂಪ್ರೆಸರಿನಿಂದ ಹೊರಬರುವ ಗಾಳಿ 100 ಡಿಗ್ರಿ ದಾಟುವುದು ಮಾಮೂಲು, ಅದನ್ನು ತಣಿಸದೆ ಒಳಗೆ ಬಿಟ್ಟರೆ ಎಂಜಿನ್ ಕಟಕಟ ಅನ್ನುತ್ತದೆ, ನಾಕ್ ಸೆನ್ಸರ್ ಅದನ್ನು ಹಿಡಿದು ಇಗ್ನಿಶನ್ ಟೈಮಿಂಗ್, ಅಂದರೆ ಕಿಡಿ ಹೊತ್ತುವ ಗಳಿಗೆಯನ್ನು, ತಡ ಮಾಡಿಸುತ್ತದೆ. ಅಂದರೆ ನೀನು ದುಡ್ಡು ಕೊಟ್ಟು ತಂದ ಶಕ್ತಿಯನ್ನು ಇಸಿಯು ಬಿಟ್ಟಿಯಾಗಿ ವಾಪಸ್ ತಗೊಳ್ಳುತ್ತೆ. ಹೀಗೆ ಹೇಳಿ ನಕ್ಕ. ನನಗೆ ನಗು ಬರಲಿಲ್ಲ. ಅವನು ಹೇಳುವುದು ಸರಿ ಇರುತ್ತದಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು.

ಇಂಟರ್‌ಕೂಲರಿಗೆ ಒಪ್ಪಿಕೊಂಡರೆ ಕ್ಲಚ್ಚು ಎದ್ದು ನಿಂತಿತು. ಟಾರ್ಕ್ ಏರಿದರೆ ಹಳೇ ಕ್ಲಚ್ ಜಾರುತ್ತೆ, ಆರ್‌ಪಿಎಂ ಮೇಲೆ ಹೋಗುತ್ತೆ, ಕಾರು ಹೋಗಲ್ಲ. ಕ್ಲಚ್ಚಿಗೂ ಮುಂಚೆ ಬ್ರೇಕ್. ಬ್ರೇಕಿಗೂ ಮುಂಚೆ ಟೈರು, ಯಾಕೆಂದರೆ ನಿಲ್ಲಿಸುವುದು ಬ್ರೇಕ್ ಅಲ್ಲ, ರಸ್ತೆ ಹಿಡಿದಿರುವ ಟೈರು. ಟೈರಿಗೂ ಮುಂಚೆ ಏನಪ್ಪಾ ಅಂತ ಕೇಳಿದೆ. “ರಸ್ತೆ” ಅಂದ.

ಇಷ್ಟೆಲ್ಲ ಬುದ್ಧಿ ಹೇಳುವವನ ಕಾರಿನಲ್ಲಿ ಇರುವುದು ಏನು ಗೊತ್ತೇ? ಒಂದು ಬ್ಲೋ ಆಫ್ ವಾಲ್ವ್. ಗೇರ್ ಬದಲಾಯಿಸುವಾಗ ಪ್ಸ್ಶ್ಶ್ ಅಂತ ಊರಿಗೆಲ್ಲ ಕೇಳಿಸುವ ಹಾಗೆ ಗಾಳಿ ಹೊರಗೆ ಬಿಡುತ್ತದೆ. ಅದರಿಂದ ಶಕ್ತಿ ಕೂದಲೆಳೆಯಷ್ಟೂ ಏರುವುದಿಲ್ಲ. ಏರ್‌ಫ್ಲೋ ಸೆನ್ಸರ್ ಲೆಕ್ಕ ಹಾಕಿದ ಗಾಳಿ ಹೊರಗೆ ಹೋಗಿಬಿಟ್ಟರೆ ಇಸಿಯು ಆ ಗಾಳಿಗೂ ಸೇರಿಸಿ ಪೆಟ್ರೋಲ್ ಸುರಿಯುತ್ತದೆ. ಹಾಗಾಗಿ ಒಂದು ಗಳಿಗೆ ಎಂಜಿನ್ ತಡವರಿಸುತ್ತದೆ ಕೂಡ. “ಅದಕ್ಕೂ ಮುಂಚೆ ಏನು ಹಾಕಿಸಿದ್ದೆ?” ಅಂತ ಕೇಳಿದರೆ ಮಾತು ಬದಲಾಯಿಸುತ್ತಾನೆ.

ಇರಲಿ, ಲಾರಿಯವನು ಕೈ ಬೀಸಿ ಹೋದ ಮೇಲೆ ನಾನು ಬದಿಗೆ ನಿಲ್ಲಿಸಿ ಫೋನ್ ಮಾಡಿದ್ದು ಅವನಿಗೇ. ಇನ್ಯಾರಿಗೆ ಮಾಡಲಿ?

“ಸದ್ದು ಮಾಡಿ ತೋರಿಸು” ಅಂದ.

“ಕಾರು ಆಫ್ ಮಾಡಿದ್ದೀನಿ ಮಾರಾಯ.”

“ಕಾರಲ್ಲ. ನೀನು ಮಾಡು.”

ಬಾನೆಟ್ ಎತ್ತಿ, ರಸ್ತೆ ಬದಿಯಲ್ಲಿ ನಿಂತು, ಫೋನಿಗೆ ಬಾಯಿ ಹಚ್ಚಿ ಸ್‌ಸ್‌ಸ್ ಅಂದೆ.

“ಸ್‌ಸ್‌ಸ್ ಅಂತಾ ಇತ್ತಾ, ಫ್ಶ್‌ಶ್ ಅಂತಾ ಇತ್ತಾ? ಸರಿಯಾಗಿ ಹೇಳು. ಎರಡೂ ಬೇರೆ.”

ನಾನು ಎರಡನ್ನೂ ಮಾಡಿದೆ. ಅವನಿಗೆ ಸಮಾಧಾನ ಆಗಲಿಲ್ಲ. ಅವನೇ ಆ ಕಡೆಯಿಂದ ಒಂದೊಂದಾಗಿ ಮಾಡಿ ತೋರಿಸಲು ಶುರು ಮಾಡಿದ. ತುತುತುತು ಅಂದರೆ ಕಂಪ್ರೆಸರ್ ಸರ್ಜ್, ಆಕ್ಸಿಲರೇಟರ್ ಬಿಟ್ಟಾಗ ದಾರಿ ಸಿಗದ ಗಾಳಿ ವಾಪಸ್ ಟರ್ಬೋ ಕಡೆಗೇ ನುಗ್ಗುವುದು. ವೂಊಊಈಈ ಅಂತ ಸೈರನ್ ಹಾಗೆ ಏರಿದರೆ ಬೇರಿಂಗ್ ಸವೆದಿದೆ. ಸಣ್ಣ ಟರ್ಬೋ ನಿಮಿಷಕ್ಕೆ 2 ಲಕ್ಷ ಸುತ್ತು ತಿರುಗುತ್ತೆ, ಅದು ಬಾಯಿ ತೆಗೆದು ಅತ್ತರೆ ನಿನ್ನ ಬಜೆಟ್ಟಿಗೆ ಎಳ್ಳುನೀರು ಬಿಡು ಅಂದ. “ನಿನ್ನದು ವೂಊಊ ಅಲ್ಲ ತಾನೇ? ಒಂದು ಸಲ ಮಾಡು, ನೋಡೋಣ.”

ಮಾಡಿದೆ. ಏನು ಮಾಡಲಿ, ಕಾರು ನನ್ನದು. ವೂಊಊ ಮಾಡಿದೆ, ತುತುತುತು ಮಾಡಿದೆ. ಕೊನೆಗೆ ಇಲ್ಲ ಇಲ್ಲ, ನನ್ನದು ಸ್‌ಸ್‌ಸ್ಸೇ ಅಂತ ಇನ್ನೊಮ್ಮೆ ಜೋರಾಗಿ, ಉಗುಳು ಸಿಡಿಯುವ ಹಾಗೆ ಮಾಡಿ ತೋರಿಸಿದೆ. ತಿರುಗಿ ನೋಡಿದರೆ ಹಿಂದೆ ಒಬ್ಬ ಹಿರಿಯರು ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದರು. ಮುಖದಲ್ಲಿ ಗಾಬರಿ.

“ಹಾವಾ?” ಅಂತ ಮೆಲ್ಲಗೆ ಕೇಳಿದರು.

ನಾನು ಇಲ್ಲ ಅನ್ನುವಷ್ಟರಲ್ಲಿ ಅವರು ಬೇಲಿಯಿಂದ ಕೋಲೊಂದನ್ನು ಕಿತ್ತಾಗಿತ್ತು. ಬಾನೆಟ್ ಒಳಗೆ ಬಗ್ಗಿ, ಬ್ಯಾಟರಿ ಪಕ್ಕ, ರೇಡಿಯೇಟರ್ ಹಿಂದೆ, ಅಲ್ಲಿ ಇಲ್ಲಿ ತಿವಿಯತೊಡಗಿದರು. ಫೋನಿನಲ್ಲಿ ಗೆಳೆಯ “ಏನದು ಟಕ್ ಟಕ್? ಅದು ಹೊಸ ಸದ್ದು!” ಅಂತ ಕೂಗುತ್ತಿದ್ದ. ನಾನು ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದರಲ್ಲಿ ಫೋನ್ ಹಿಡಿದು, ಹಾವಿಲ್ಲ ಸಾರ್, ಸದ್ದು ನಾನೇ ಮಾಡಿದ್ದು ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಾವು ಇದ್ದಿದ್ದರೇ ವಾಸಿ ಅನ್ನುವ ಹಾಗಿತ್ತು ಆ ನೋಟ. ಆದರೆ ಹೋಗುವ ಮುಂಚೆ ಕೋಲಿನ ತುದಿಯಿಂದ ತೋರಿಸಿ, “ಈ ಪೈಪ್ ಯಾಕೆ ಬಿಟ್ಟುಕೊಂಡಿದೆ?” ಅಂದರು.

ಅದೇ. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ಕ್ಲಾಂಪಿನಿಂದ ಕಿತ್ತುಕೊಂಡು ಪಕ್ಕಕ್ಕೆ ವಾಲಿತ್ತು. ಅದುಮಿದ ಗಾಳಿಯೆಲ್ಲ ಬೀದಿಪಾಲು. ಸ್ಕ್ರೂಡ್ರೈವರ್ ಇಲ್ಲದೆ ನಾಣ್ಯದಲ್ಲೇ ತಿರುಗಿಸಿ ಬಿಗಿ ಮಾಡಿ ಮನೆ ಸೇರಿದೆ. ಮೆಕ್ಯಾನಿಕ್ ನೋಡಿ, ರಬ್ಬರ್ ತುದಿಯಲ್ಲಿ ಬಿರುಕು ಬಿಟ್ಟಿದೆ, ಎಣ್ಣೆ ಪಸೆ ನೋಡಿ, ತುಂಬಾ ದಿನದಿಂದ ಸೋರುತ್ತಿದೆ ಅಂದ. ಹೊಸ ಪೈಪು, ಹೊಸ ಕ್ಲಾಂಪು ಹಾಕಿದ. ಹೊರಗೆ ತಂದು ಆಕ್ಸಿಲರೇಟರ್ ಒತ್ತಿದೆ ನೋಡಿ, ಬೆನ್ನಿಗೆ ಒಂದು ಗುದ್ದು! ಯಾವ ಶಕ್ತಿಗಾಗಿ ದುಡ್ಡು ಕೂಡಿಡುತ್ತಿದ್ದೆನೋ ಅದು ಅಲ್ಲೇ ಇತ್ತು. ಬಿರುಕಿನಲ್ಲಿ ಸೋರಿಹೋಗುತ್ತಿತ್ತು, ಅಷ್ಟೇ.

ಗೆಳೆಯನಿಗೆ ಖುಷಿಯೋ ಖುಷಿ. ಮತ್ತೆ ಹೊಸ ಯೋಜನೆ ತೆಗೆದ. ಇಂಟರ್‌ಕೂಲರ್ ದುಬಾರಿ ಆದರೆ ನೀರು ಮತ್ತು ಮೆಥನಾಲ್ ಸಿಂಪಡಿಸುವ ಕಿಟ್ ಹಾಕಿಸು, ಅದೂ ಗಾಳಿ ತಣಿಸುತ್ತೆ ಅಂದ. ಹೊಸ ಯೋಜನೆ ಏನಲ್ಲ ಅದು. 1962ರಲ್ಲೇ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ಇದು ಇತ್ತು. ‘ಟರ್ಬೋ ರಾಕೆಟ್ ಫ್ಲೂಯಿಡ್’ ಅಂತ ಹೆಸರು. ಟ್ಯಾಂಕ್ ಖಾಲಿಯಾದರೆ ಕಾರು ತಾನಾಗಿಯೇ ಬೂಸ್ಟ್ ಇಳಿಸಿಕೊಳ್ಳುತ್ತಿತ್ತು. ಜನ ತುಂಬಿಸಲು ಮರೆಯುತ್ತಿದ್ದರು, ಆಮೇಲೆ ಕಾರು ಓಡಲ್ಲ ಅಂತ ಬಂದು ಗೊಣಗುತ್ತಿದ್ದರು. ಕೊನೆಗೆ ಕಂಪನಿಯೇ ಟರ್ಬೋ ಕಿತ್ತುಹಾಕಿ ಮಾಮೂಲಿ ಕಾರ್ಬ್ಯುರೇಟರ್ ಕೂರಿಸಿಕೊಡುವ ಏರ್ಪಾಡು ಮಾಡಿತು. ವೈಪರ್ ನೀರು ಮುಗಿದು ಎಷ್ಟೋ ದಿನವಾದರೂ ತುಂಬಿಸದ ನನ್ನಂಥವನ ಕೈಗೆ ರಾಕೆಟ್ ಫ್ಲೂಯಿಡ್ ಯಾಕೆ?

ಒಂದೊಂದು ಸಲ ಅನ್ನಿಸುತ್ತದೆ, ಈ ಕಾರು ತಂದ ಹೊಸತರಲ್ಲಿ ಎಷ್ಟು ಚೆನ್ನಾಗಿತ್ತು ಅಂತ. ಬೂಸ್ಟ್ ಎಷ್ಟು, ಗಾಳಿ ಎಷ್ಟು ಬಿಸಿ, ಒಂದೂ ಗೊತ್ತಿರಲಿಲ್ಲ. 2,000 ಆರ್‌ಪಿಎಂ ದಾಟಿದ ಕೂಡಲೇ ಕಾರು ತಾನಾಗಿ ಮುಂದಕ್ಕೆ ಜಿಗಿಯುತ್ತಿತ್ತು, ನಾನು ಒಬ್ಬನೇ ನಗುತ್ತಿದ್ದೆ. ಹಾಡು ಹಾಕಿಕೊಂಡು ಹೋಗುತ್ತಿದ್ದೆ. ಈಗ ಹಾಡು ಹಾಕುವುದಿಲ್ಲ. ಸದ್ದು ಕೇಳಿಸಿಕೊಳ್ಳಬೇಕಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಅದು ಟೈರಿಗೆ ಹೋಯಿತು. ಕೋಲು ಹಿಡಿದಿದ್ದ ಆ ಹಿರಿಯರು ಹೋಗುವಾಗ ಟೈರನ್ನೂ ಒಮ್ಮೆ ನೋಡಿ ತಲೆ ಆಡಿಸಿದ್ದರು, ಅದು ಮನಸ್ಸಿನಲ್ಲೇ ಉಳಿದುಬಿಟ್ಟಿತ್ತು. ಟೈರ್ ಅಂಗಡಿಯ ಹುಡುಗ ಕೆಲಸ ಮುಗಿಸಿ, “ಟರ್ಬೋನಾ ಸಾರ್? ನೋಡಿದರೆ ಗೊತ್ತೇ ಆಗಲ್ಲ. ಹಿಂದೆ ಒಂದು ಸ್ಟಿಕ್ಕರ್ ಹಾಕಿಸಿಬಿಡಿ” ಅಂದ. ಉಳಿದ ಚಿಲ್ಲರೆಗೆ ಸರಿಯಾಗಿ ಅದು ಬರುತ್ತಿತ್ತು. ಕೊನೆಗೂ ಬಜೆಟ್ಟಿನ ಒಳಗೆ ಒಂದು ಅಪ್‌ಗ್ರೇಡ್ ಸಿಕ್ಕಿತು ಅಂತ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ.

“ಸೂಪರ್ ಗುರು, ಅಂಟಿಸು” ಅಂದ. “ಆದರೆ ಅದಕ್ಕೂ ಮುಂಚೆ ಕಾರು ತೊಳಿ. ಧೂಳಿನ ಮೇಲೆ ನಿಲ್ಲಲ್ಲ.”