ಅಡಕ: ಫ್ಲಾಪಿ ಒಂದು

ಕೇಂದ್ರದ ಮಾಹಿತಿ ಹಕ್ಕು ನಿಯಮಗಳನ್ನು ಬಿಡುವಾದಾಗ ಓದಿ, ಮನಸ್ಸು ಹಗುರವಾಗುತ್ತದೆ. ಮಾಹಿತಿಯನ್ನು ಫ್ಲಾಪಿಯಲ್ಲಿ, ಅಂದರೆ ಹಿಂದೆ ಕಂಪ್ಯೂಟರಿನ ದಾಖಲೆ ತುಂಬಿಡುತ್ತಿದ್ದ ಅಂಗೈಯಗಲದ ಡಿಸ್ಕಿನಲ್ಲಿ, ಕೇಳಿದರೆ ಒಂದಕ್ಕೆ 50 ರೂಪಾಯಿ. ಇದು 2012ರ ನಿಯಮ. ಸೋನಿ ಕಂಪನಿ ತನ್ನ ನಾಡಾದ ಜಪಾನಿನಲ್ಲೇ ಫ್ಲಾಪಿ ಮಾರಾಟಕ್ಕೆ ತೆರೆ ಎಳೆದದ್ದು 2011ರಲ್ಲಿ. ಅಂಗಡಿ ಮುಚ್ಚಿದ ಮೇಲೆ ದರಪಟ್ಟಿ ತೂಗುಹಾಕುವ ಈ ಸ್ಥಿತಪ್ರಜ್ಞೆ ಸರ್ಕಾರಕ್ಕಲ್ಲದೆ ಇನ್ನಾರಿಗೆ ಬರಬೇಕು? ಕಡತ ಪರಿಶೀಲನೆಗೆ ಮೊದಲ ಒಂದು ಗಂಟೆ ಉಚಿತ, ಆಮೇಲೆ ಗಂಟೆಗೆ 5 ರೂಪಾಯಿ. ಕಡತದಲ್ಲಿ ಫ್ಲಾಪಿ ಇದ್ದರೆ ಅದನ್ನೂ ಪರಿಶೀಲಿಸಬಹುದು, ಎರಡೂ ಬದಿಯಿಂದ.

ಇದ್ದೇ ಇರುತ್ತದೆ. 'ಅಡಕ: ಮೇಲಿನಂತೆ' ಎಂದು ಪತ್ರದ ಬುಡದಲ್ಲಿದ್ದ ಮೇಲೆ ಅದು ಕಡತ ಕಟ್ಟುವ ಲೇಸಿಗೆ ಸೇರಲೇಬೇಕು. ಫ್ಲಾಪಿಯ ಮೂಲೆಯಲ್ಲಿ ಒಂದು ಚಿಕ್ಕ ಚೌಕ ರಂಧ್ರವಿದೆಯಲ್ಲ, ಅದು ಇರುವುದು 1.44 ಎಂಬಿಯ ಡಿಸ್ಕ್ ಎಂದು ಡ್ರೈವಿಗೆ ಗುರುತು ಹೇಳಲು. ನಮ್ಮ ಗುಮಾಸ್ತರಿಗೆ ಅದು ಲೇಸು ಪೋಣಿಸಲೆಂದೇ ಕೊರೆದ ತೂತು. ನಾನು ಕಂಡ ಒಂದಕ್ಕೆ ಕೆಂಪು ಶಾಯಿಯಲ್ಲಿ ಪುಟಸಂಖ್ಯೆಯನ್ನೂ ಹಾಕಿದ್ದರು. ಸಿಡಿ ಬಂದ ಮೇಲೆ ಕೆಲಸ ಇನ್ನೂ ಸಲೀಸಾಯಿತು, ತೂತು ನಟ್ಟನಡುವೆಯೇ ಇದೆ. ಅದರ ಬೆನ್ನ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ ಕಡತದ ಸಂಖ್ಯೆ ಬರೆದಿರುತ್ತಾರೆ. ದತ್ತಾಂಶದ ಪದರ ಆ ಬೆನ್ನಿನ ಕೆಳಗೇ ಇರುವುದು ಎಂದರೆ ಯಾರೂ ನಂಬುವುದಿಲ್ಲ.

ಜಪಾನಿನಲ್ಲಿ ತಾರೊ ಕೊನೊ ಎಂಬ ಡಿಜಿಟಲ್ ಸಚಿವರು 2022ರಲ್ಲಿ ಫ್ಲಾಪಿಯ ಮೇಲೆ ಯುದ್ಧ ಸಾರಿ, 2024ರಲ್ಲಿ ಗೆದ್ದೆವು ಎಂದು ಘೋಷಿಸಿದರು. ನಮ್ಮದು ಅಹಿಂಸೆಯ ನಾಡು. ಇಲ್ಲಿ ಫ್ಲಾಪಿಗೆ ಸಹಜ ಮರಣವೇ.

ಪುಣ್ಯಕ್ಕೆ ಎಲ್ಲೋ ಒಂದು ತೆರೆದುಕೊಂಡಿತು ಎನ್ನಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೇ ಸಂಕೇತಪಟ್ಟಿ ಕೊಟ್ಟ ಯೂನಿಕೋಡ್‌ಗೆ ಮುಂಚಿನ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕನ್ನಡ ಈಗಿನ ಪರದೆಯ ಮೇಲೆ ಕೊಂಬು ಬಾಲ ಮೂಡಿದ ರೋಮನ್ ಅಕ್ಷರಗಳಾಗಿ ಕುಣಿಯುತ್ತದೆ. ಹಳೆಯ ಫಾಂಟ್ ಹಾಕಿದರೆ, ಇಲ್ಲವೇ ಪರಿವರ್ತಕಕ್ಕೆ ಕೊಟ್ಟರೆ ಅದು ಮತ್ತೆ ಕನ್ನಡವಾಗುತ್ತದೆ. ಆದರೆ ಮೇಜಿನ ಆಚೆ ಕುಳಿತವರು 'ವೈರಸ್' ಎಂದು ಷರಾ ಬರೆದು ಕೈ ತೊಳೆದುಕೊಂಡಾಗಿರುತ್ತದೆ.

ನಗುವುದಕ್ಕೂ ಬೇಸರ ಬಂದಿದೆ. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ಅಳಿಸದಂತೆ ತಡೆಯುವ ಗುಂಡಿ ಸರಿಸಿ, ಯುಎಸ್‌ಬಿ ಫ್ಲಾಪಿ ಡ್ರೈವಿಗೆ ಹಾಕಿ, ಡಿಸ್ಕಿನ ಪೂರ್ತಿ ನಕಲು ತೆಗೆದು ಎರಡು ಕಡೆ ಇಡಬೇಕು. ಡಿಸ್ಕನ್ನು ಬೇರೆ ಪೆಟ್ಟಿಗೆಗೆ ಸೇರಿಸಿ, ಅದು ಎಲ್ಲಿಗೆ ಹೋಯಿತೆಂಬ ಚೀಟಿಯನ್ನು ಕಡತದಲ್ಲಿ ಇಡಬೇಕು. ಡಿಸ್ಕ್ ಸರಿಯಿದ್ದರೆ ಕೆಲವೇ ನಿಮಿಷಗಳ ಕೆಲಸ. ಕಂಪ್ಯೂಟರಿನಲ್ಲಿ ಹುಟ್ಟಿದ್ದೂ ಸಾರ್ವಜನಿಕ ದಾಖಲೆಯೇ ಎಂದು ಕೇಂದ್ರದ ಕಾಯ್ದೆ 1993ರಲ್ಲೇ ಹೇಳಿದೆ. ಅಂಥದನ್ನು ನಿಯಮ ಮೀರಿ ನಾಶಮಾಡಿದರೆ 5 ವರ್ಷದವರೆಗೆ ಸೆರೆವಾಸವೂ ಉಂಟು. ಬೀರುವಿನಲ್ಲಿಟ್ಟು ಬೂಸ್ಟು ಹಿಡಿಸಿದರೆ? ಅದು ನಾಶವಲ್ಲವಂತೆ, 'ಸುರಕ್ಷಿತವಾಗಿ ಕಾಯ್ದಿರಿಸಲಾಗಿದೆ'. ಪರಿಹಾರದ ಪಟ್ಟಿಯ ಮುದ್ರಿತ ಪ್ರತಿ ಕಳೆದುಹೋಗಿ, ತನ್ನ ಹೆಸರು ಆ ಫ್ಲಾಪಿಯಲ್ಲಿ ಮಾತ್ರ ಉಳಿದಿರುವ ರೈತನಿಗೆ ಇದನ್ನು ಯಾವ ಮುಖ ಇಟ್ಟುಕೊಂಡು ಹೇಳುತ್ತೀರಿ, ಸ್ವಾಮಿ?