ಸೇನಾ ಸೇವೆಯನ್ನು ಮುಚ್ಚಿಡುವುದೇ ಹೆಚ್ಚಿನ ಅಪಾಯ

ಸೇನೆಯಲ್ಲಿ ದುಡಿದವರಿಗೆ ಕೆನಡಾದ ಕಾಯಂ ವಾಸದ ಅನುಮತಿ ದುರ್ಲಭವೆಂದು ಲೇಖನವೊಂದು ಹೇಳಿದ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ಅಲ್ಲಿನ ವಲಸೆ ಕಾಯ್ದೆಯ 34 ಮತ್ತು 35ನೇ ಸೆಕ್ಷನ್‌ಗಳು ಬೇಹುಗಾರಿಕೆ, ಭಯೋತ್ಪಾದನೆ, ಯುದ್ಧಾಪರಾಧಗಳಂಥ ಕಾರಣಗಳಿಗೆ ಪ್ರವೇಶ ನಿರಾಕರಿಸುತ್ತವೆಯೇ ಹೊರತು, ಸಮವಸ್ತ್ರ ತೊಟ್ಟಿದ್ದನ್ನೇ ಅಪರಾಧವೆಂದು ಎಣಿಸುವುದಿಲ್ಲ. ಹಾಗೆಂದು ಭಯ ನಿರಾಧಾರವೇನೂ ಅಲ್ಲ: 2010ರಲ್ಲಿ ಗಡಿ ಭದ್ರತಾ ಪಡೆಯ ನಿವೃತ್ತ ಕಾನ್‌ಸ್ಟೆಬಲ್ ಒಬ್ಬರಿಗೆ, ಆ ಇಡೀ ಪಡೆಯೇ ಹಿಂಸೆಗೆ ಕುಖ್ಯಾತವೆಂದು ಹೇಳಿ ವೀಸಾ ನಿರಾಕರಿಸಲಾಗಿತ್ತು; ಭಾರತ ಪ್ರತಿಭಟಿಸಿದ ಮೇಲೆ ಕೆನಡಾ ಸರ್ಕಾರ ವಿಷಾದ ವ್ಯಕ್ತಪಡಿಸಿತು.

ಇಂಥ ಸುದ್ದಿಗೆ ಹೆದರಿ, ಮಕ್ಕಳ ಬಳಿ ನೆಲೆಸಬಯಸುವ ನಮ್ಮ ಕೊಡಗಿನ ನಿವೃತ್ತ ಯೋಧರು ಸೇವೆಯ ವರ್ಷಗಳನ್ನು ಅರ್ಜಿಯಿಂದ ಕೈಬಿಟ್ಟರೆ, ಅದು ಜಾಣತನವೆನಿಸದು. ಮುಖ್ಯ ಸಂಗತಿಯನ್ನು ಮರೆಮಾಚಿದ್ದು ಸಾಬೀತಾದರೆ 40ನೇ ಸೆಕ್ಷನ್ ಪ್ರಕಾರ 5 ವರ್ಷ ಪ್ರವೇಶವೇ ಇಲ್ಲ. (ಸೇನಾ ಪಿಂಚಣಿ ಜಮೆಯಾಗುವ ಪಾಸ್‌ಬುಕ್ಕನ್ನೇ ಲಗತ್ತಿಸಿ ಸೇವೆಯನ್ನು ಮುಚ್ಚಿಡುವುದಾದರೂ ಹೇಗೆ?) ಅರ್ಜಿದಾರರ ಹಿನ್ನೆಲೆ ಕೇಳುವ ನಮೂನೆಯಲ್ಲಿ ಸೇನಾ ಸೇವೆಗೆಂದೇ ಪ್ರತ್ಯೇಕ ಭಾಗವಿದೆ, ನೆನಪಿನಿಂದ ಬರೆದ ದಿನಾಂಕಗಳು ದಾಖಲೆಗೆ ಹೊಂದದಿದ್ದರೆ ಅನಗತ್ಯ ಪ್ರಶ್ನೆಗಳೇಳುತ್ತವೆಯಾದ್ದರಿಂದ, ಸೇವೆಯ ವಿವರಗಳಿರುವ ಡಿಸ್ಚಾರ್ಜ್ (ಸೇನೆಯಿಂದ ಬಿಡುಗಡೆಯ) ಪುಸ್ತಕವನ್ನು ಎದುರಿಗಿಟ್ಟುಕೊಂಡೇ ಅದನ್ನು ತುಂಬುವುದು ಲೇಸು.