ಕೂಸಿಗೂ ಮೊದಲು ಕುಲಾವಿ

ಇನ್ನೂ ಬಿಡುಗಡೆಯಾಗದ ಆಟದ ಬಗ್ಗೆ ಅಭಿಪ್ರಾಯ ಹೇಳುವುದೆಂದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದ ಹಾಗೆ. ಆದರೂ ವರ್ಷಕ್ಕೆ ಮೂರು ಸಲ, ಫೆಬ್ರುವರಿ, ಜೂನ್, ಅಕ್ಟೋಬರ್ ಬಂತೆಂದರೆ ಗೇಮರ್‌ಗಳೆಲ್ಲ ಸೂಜಿದಾರ ಹಿಡಿದು ಕೂರುತ್ತಾರೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಾಣದ ‘ನೆಕ್ಸ್ಟ್ ಫೆಸ್ಟ್’ ಹಬ್ಬದ ಆ ಒಂದು ವಾರ, ಸಣ್ಣ ತಂಡಗಳು ಸ್ವಂತವಾಗಿ ಕಟ್ಟುವ ಇಂಡೀ ಆಟಗಳ ಡೆಮೊಗಳದ್ದೇ, ಅಂದರೆ ಆಡಿ ನೋಡಲು ಬಿಟ್ಟಿ ಕೊಡುವ ತುಣುಕುಗಳದ್ದೇ ಸುಗ್ಗಿ. ಒಂದು ಆಟ ಈ ಹಬ್ಬದಲ್ಲಿ ಒಂದೇ ಸಲ ಕಾಣಿಸಿಕೊಳ್ಳಬಹುದು. ಹೀಗಾಗಿ ಮಾಡಿದವರು ಆ ಅರ್ಧ ಗಂಟೆಯ ಆಟಕ್ಕೆ ಇದ್ದಬದ್ದ ಬಣ್ಣವನ್ನೆಲ್ಲ ಬಳಿದಿರುತ್ತಾರೆ. ಬಣ್ಣ ಬಳಿಯಲು ಮರೆತ ಜಾಗ ಎಲ್ಲಿದೆ ಎಂದು ಹುಡುಕುವುದರಲ್ಲೇ ಡೆಮೊ ನೋಡುವವರ ಜಾಣ್ಮೆ ಇರುವುದು.

ಮೊದಲ ಜಾಗ ಸೆಟ್ಟಿಂಗ್ಸ್. ‘ನ್ಯೂ ಗೇಮ್’ ಒತ್ತುವ ಮುಂಚೆ ಅಲ್ಲಿಗೆ ಹೋಗಿ ಬರಬೇಕು. ಕೀಲಿಗಳನ್ನು ಬದಲಿಸಿಕೊಳ್ಳಲು ಬರುತ್ತದೆಯೇ, ಸಂಗೀತಕ್ಕೂ ಸದ್ದಿಗೂ ಬೇರೆ ಬೇರೆ ವಾಲ್ಯೂಮ್ ಇದೆಯೇ, ಪರದೆ ಅದುರುವುದನ್ನು ಕಡಿಮೆ ಮಾಡಲು ಆಗುತ್ತದೆಯೇ? ಇಲ್ಲದಿದ್ದರೆ ಮೂಗು ಮುರಿಯಬೇಕಿಲ್ಲ. ಒಬ್ಬಿಬ್ಬರೇ ಸೇರಿ ಕಟ್ಟುವ ಆಟದಲ್ಲಿ ಮೆನುವಿನ ಸರದಿ ಬರುವುದು ಕೊನೆಗೇ. ಇದ್ದರೆ ಮಾತ್ರ ಒಂದು ಸುಳಿವು ಸಿಕ್ಕಿತು: ಮಾಡಿದವರನ್ನು ಬಿಟ್ಟು ಬೇರೆ ಯಾರೋ ಇದನ್ನು ಆಡಿ, ತಲೆ ಸುತ್ತಿತು ಎಂದು ಬಂದು ಹೇಳಿದ್ದಾರೆ. ಇನ್ನೊಂದು ತಮಾಷೆಯೂ ಇಲ್ಲೇ ನಡೆಯುತ್ತದೆ. ಖಾಲಿ ಮೆನು ತೆರೆದಾಗಲೇ ಕಂಪ್ಯೂಟರಿನ ಫ್ಯಾನು ಬೊಬ್ಬೆ ಹೊಡೆಯತೊಡಗಿದರೆ, ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬಿಡಿಸಬೇಕೆಂಬ ಮಿತಿ ಹಾಕಲು ಮರೆತಿದ್ದಾರೆ ಎಂದೇ ಲೆಕ್ಕ. ಬಿಡಿಸಲು ಹೆಚ್ಚೇನೂ ಇಲ್ಲದ ಗ್ರಾಫಿಕ್ಸ್ ಕಾರ್ಡು ಅದೇ ಚಿತ್ರವನ್ನು ಸೆಕೆಂಡಿಗೆ ನೂರಾರು ಸಲ ಬಿಡಿಸುತ್ತ ಬೆವರು ಸುರಿಸುತ್ತಿರುತ್ತದೆ. ಪರದೆಯ ವೇಗಕ್ಕೆ ತಕ್ಕಷ್ಟೇ ಚಿತ್ರ ಬಿಡಿಸುವಂತೆ ಮಾಡುವ ವಿ-ಸಿಂಕ್ ಹಾಕಿದರೆ ತಣ್ಣಗಾಗುತ್ತದೆ.

ಕಟ್ಟೆಯಿಂದ ಕಟ್ಟೆಗೆ ಹಾರುತ್ತ ಸಾಗುವ ಪ್ಲಾಟ್‌ಫಾರ್ಮರ್ ಆಟವಾದರೆ ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಜಿಗಿತ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡು. ಅಂಚಿನವರೆಗೆ ಓಡಿ, ಕಾಲು ಜಾರಿದ ಮೇಲೆ, ಬೇಕೆಂದೇ ತುಸು ತಡಮಾಡಿ ಬಟನ್ ಒತ್ತಿ. ಪಾತ್ರ ಆಗಲೂ ಜಿಗಿದರೆ ಅಲ್ಲಿ ‘ಕಯೋಟಿ ಟೈಮ್’ ಇದೆ: ನೆಲ ತಪ್ಪಿದ ಮೇಲೂ ಕೆಲವು ಫ್ರೇಮ್‌ಗಳ ಮಟ್ಟಿಗೆ ನೆಲ ಇದೆ ಎಂದೇ ಆಟ ನಟಿಸುತ್ತದೆ. ಇನ್ನು ತದ್ವಿರುದ್ಧ: ನೆಲ ಮುಟ್ಟುವುದಕ್ಕೆ ಚೂರು ಮೊದಲೇ ಒತ್ತಿ. ಆ ಒತ್ತನ್ನು ನೆನಪಿಟ್ಟುಕೊಂಡು, ಕಾಲೂರಿದ ಕೂಡಲೇ ಚಿಮ್ಮಿದರೆ ‘ಜಂಪ್ ಬಫರ್’ ಇದೆ. ಬಟನ್ ಬೇಗ ಬಿಟ್ಟರೆ ಜಿಗಿತ ಗಿಡ್ಡವಾಗಬೇಕು. ತಲೆ ಮೇಲಿನ ಕಲ್ಲಿನ ಮೂಲೆಗೆ ಕೂದಲೆಳೆಯಷ್ಟು ತಗಲಿದರೆ ಪಾತ್ರವನ್ನು ಪಕ್ಕಕ್ಕೆ ಸರಿಸಿ ಮೇಲೆ ಬಿಡಬೇಕು. 2018ರ ‘ಸೆಲೆಸ್ಟ್’ ಅಷ್ಟು ಕಷ್ಟದ ಆಟವಾಗಿಯೂ ಅನ್ಯಾಯ ಅನ್ನಿಸದಿರಲು ಇಂಥ ಗುಟ್ಟಿನ ದಾಕ್ಷಿಣ್ಯಗಳೇ ಕಾರಣ. ಇವಿಲ್ಲದ ಆಟದಲ್ಲಿ ‘ಒತ್ತಿದೆನಲ್ಲಾ, ಹಾರಲೇ ಇಲ್ಲ’ ಎಂಬ ಗೊಣಗಾಟ ಐದನೇ ನಿಮಿಷಕ್ಕೇ ಶುರು. ಟ್ರೇಲರ್ ಎಷ್ಟು ಸಲ ನೋಡಿದರೂ ಇದು ಗೊತ್ತಾಗುವುದಿಲ್ಲ, ಹೆಬ್ಬೆರಳಿಗೇ ಗೊತ್ತಾಗಬೇಕು.

ಆಟ ತಡವರಿಸಿದ ಕೂಡಲೇ ‘ಆಪ್ಟಿಮೈಸೇಶನ್ ಸರಿಯಿಲ್ಲ’ ಎಂದು ಷರಾ ಬರೆಯುವುದು ಒಂದು ಚಾಳಿಯೇ ಆಗಿಬಿಟ್ಟಿದೆ. ಮೊದಲ ಸ್ಫೋಟಕ್ಕೆ ತಡವರಿಸಿ, ಎರಡನೆಯದಕ್ಕೆ ಸಲೀಸಾಗಿ ನಡೆದರೆ ಅದು ಹೆಚ್ಚಾಗಿ ಶೇಡರ್ ಕಂಪೈಲ್ ಆಗುವ ತೊಡಕು, ಅಂದರೆ ಬೆಳಕು ಬಣ್ಣ ಬಿಡಿಸುವ ಪುಟ್ಟ ಪ್ರೋಗ್ರಾಮುಗಳನ್ನು ಗ್ರಾಫಿಕ್ಸ್ ಕಾರ್ಡಿನ ಭಾಷೆಗೆ ತರುವ ತೊಡಕು. ಆಟ ಶುರುವಾಗುವಾಗಲೇ ಆ ಕೆಲಸ ಮುಗಿಸಿಕೊಂಡರೆ ಪರಿಹಾರ. ಯಾವ ಕಾರಣವೂ ಇಲ್ಲದೆ ಇಷ್ಟಿಷ್ಟು ಹೊತ್ತಿಗೊಮ್ಮೆ ಮುಗ್ಗರಿಸಿದರೆ, ಬಳಸಿ ಬಿಟ್ಟ ಮೆಮೊರಿಯನ್ನು ಎಂಜಿನ್ (ಆಟ ಕಟ್ಟಲು, ಓಡಿಸಲು ಬಳಸುವ ತಂತ್ರಾಂಶ) ಗುಡಿಸಿ ಹಾಕುತ್ತಿರಬಹುದು. ಯೂನಿಟಿ ಎಂಬ ಎಂಜಿನ್‌ನಲ್ಲಿ ಮಾಡಿದ ಆಟಗಳಲ್ಲಿ ಇದು ಹಳೆಯ ಕಾಯಿಲೆ. ಆದ್ದರಿಂದ ಯಾವುದನ್ನೇ ಆಗಲಿ ಎರಡೆರಡು ಸಲ ಮಾಡಿ ನೋಡಬೇಕು.

ಡೆಮೊ ಎಂದೂ ಬಾಯಿ ಬಿಡದ ವಿಷಯ ಆಟದ ನಡುಭಾಗ. ಕಥೆಯ ಆಟಗಳಲ್ಲಂತೂ ಮೊದಲ ಅಧ್ಯಾಯದಷ್ಟು ತಿದ್ದಿತೀಡಿದ ಭಾಗ ಇನ್ನೊಂದಿರುವುದಿಲ್ಲ. ಅದನ್ನು ಮೆಚ್ಚಿ ಇಡೀ ಆಟವನ್ನು ಮೆಚ್ಚಿದಂತೆ ಬರೆಯುವುದು ಅವಸರವೇ ಸರಿ. ಸುತ್ತು ಸುತ್ತಾಗಿ ಮತ್ತೆ ಮತ್ತೆ ಆಡುವ ಇಸ್ಪೀಟಿನ ‘ಬಲಾಟ್ರೊ’ದಂಥ ಆಟಗಳ ಮಾತು ಬೇರೆ: ಅಲ್ಲಿ ಒಂದು ಸುತ್ತೇ ಆಟ. 2024ರ ಫೆಬ್ರುವರಿಯಲ್ಲಿ ಅದು ಬಿಡುಗಡೆಯಾಗುವ ಹೊತ್ತಿಗೆ ಡೆಮೊ ಆಡಿದ ಎಷ್ಟೋ ಜನ ಆಗಲೇ ಅದರ ಬಲೆಗೆ ಬಿದ್ದಿದ್ದರು. ಕೊಡುಗೈ ಎಂದರೆ 1993ರ ‘ಡೂಮ್’ನದ್ದು, ಮೂರು ಭಾಗಗಳ ಆಟದಲ್ಲಿ ಮೊದಲನೆಯದನ್ನು ಪೂರ್ತಿ ಬಿಟ್ಟಿ ಹಂಚಿದ್ದರು. ಈಗಿನ ಡೆಮೊಗಳು ದೊಡ್ಡ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಕತ್ತಲಾಗಿ, ‘ವಿಶ್‌ಲಿಸ್ಟ್‌ಗೆ ಸೇರಿಸಿ’ ಎನ್ನುತ್ತವೆ.

ಸೇರಿಸಿದ ಮೇಲೆ ಕಾಯುವುದು ಇದ್ದೇ ಇದೆ. ‘ಹಾಲೋ ನೈಟ್: ಸಿಲ್ಕ್‌ಸಾಂಗ್’ನ ಡೆಮೊವನ್ನು 2019ರ ಇ3 ಎಂಬ ವಿಡಿಯೊ ಗೇಮ್ ಮೇಳದಲ್ಲಿ ಆಡಿದವರಿಗೆ ಪೂರ್ತಿ ಆಟ ಕೈಗೆ ಬಂದದ್ದು 2025ರ ಸೆಪ್ಟೆಂಬರ್ 4ರಂದು. ಅಷ್ಟರಲ್ಲಿ ಮೊದಲ ಅನಿಸಿಕೆ ಯಾರಿಗೆ ನೆನಪಿರುತ್ತದೆ? ಬರೆದಿಡುವುದಾದರೆ ಡೆಮೊದ ಆವೃತ್ತಿ ಸಂಖ್ಯೆಯನ್ನೂ ಜೊತೆಗೆ ಬರೆದಿಡುವುದು ಒಳ್ಳೆಯದು. ಹಬ್ಬದ ವಾರದಲ್ಲೇ ಎರಡು ಮೂರು ಅಪ್‌ಡೇಟ್ ಬಂದು, ಸೋಮವಾರದ ದೂರು ಗುರುವಾರಕ್ಕೆ ಹಳಸಿರುತ್ತದೆ.

ಮಾಡಿದವರಿಗೇ ಹೇಳುವುದಾದರೆ ಇನ್ನೂ ಒಳ್ಳೆಯದು. ‘ಆಟ ಚೆನ್ನಾಗಿಲ್ಲ’ ಎಂದರೆ ಅವರು ಏನು ತಾನೇ ಮಾಡಿಯಾರು? ಎಲ್ಲಿ ಬೇಸರವಾಗಿ ನಿಲ್ಲಿಸಿದಿರಿ, ಕೈಯಲ್ಲಿದ್ದದ್ದು ಕೀಬೋರ್ಡೋ ಕಂಟ್ರೋಲರೋ, ಅದಕ್ಕೂ ಸ್ವಲ್ಪ ಮೊದಲು ಏನು ಮಾಡುತ್ತಿದ್ದಿರಿ ಎಂಬುದನ್ನು ಬರೆಯಬೇಕು. ‘ಮೂರನೇ ಕೋಣೆಯಲ್ಲಿ ಏಣಿ ಹತ್ತುವಾಗ ಪಾಜ್ (ವಿರಾಮ) ಒತ್ತಿದರೆ ಪಾತ್ರ ಗೋಡೆಯೊಳಗೆ ಸೇರಿಕೊಳ್ಳುತ್ತದೆ’ ಎಂಬ ಒಂದೇ ಸಾಲು, ಜೊತೆಗೊಂದು ಸ್ಕ್ರೀನ್‌ಶಾಟ್ ಕಳಿಸಿದರೆ ಮರುದಿನವೇ ಸರಿಯಾಗುವುದುಂಟು. ಕೆಲವೊಮ್ಮೆ ಏಣಿಯನ್ನೇ ಕಿತ್ತು ಹಾಕಿರುತ್ತಾರೆ.